ಎಲ್ಲರ ಬಾಯಲ್ಲೂ ಎಪ್ಪತ್ತಮೂರು ಐವತ್ತೊಂದು

ಬೀಗ ರಿಪೇರಿಯವರೆಂದರೆ ಗಟ್ಟಿ ಗುಂಡಿಗೆಯವರು ಎಂದು ಜನ ತಿಳಿದುಕೊಂಡಿದ್ದಾರೆ. ಬೀಗದಣ್ಣನನ್ನು ನೋಡದವರ ಮಾತು ಅದು. ಅರವತ್ತೆರಡು ದಾಟಿದ ಈ ಮನುಷ್ಯ ನಾಯಿಗೆ ಹೆದರುತ್ತಿದ್ದ, ಲಿಫ್ಟಿಗೆ ಹೆದರುತ್ತಿದ್ದ, ಬ್ಯಾಂಕಿಗೆ ಹೋದರೆ ಇವತ್ತಿನ ಸಹಿ ಹಳೆಯ ಸಹಿಗೆ ಹೊಂದದೇ ಹೋದರೇನು ಗತಿ ಎಂದು ಪೆನ್ನು ಹಿಡಿದು ಬೆವರುತ್ತಿದ್ದ. ಊರಿನವರ ಬಾಗಿಲನ್ನೆಲ್ಲ ಭದ್ರ ಮಾಡಿಕೊಟ್ಟವನು ತನ್ನ ಮನೆಯ ಚಿಲಕವನ್ನು ಮಾತ್ರ ಮೂರು ಸಲ ಎಳೆದು ನೋಡದೆ ಮಲಗುತ್ತಿರಲಿಲ್ಲ. "ನಾಲ್ಕನೇ ಸಲ ಎಳೆದ್ರೆ ಕಿತ್ಕೊಂಡು ಕೈಗೇ ಬರುತ್ತೆ, ಬಂದು ಮಲ್ಕೊಳ್ರೀ" ಎಂದು ಹೆಂಡತಿ ಬದುಕಿದ್ದಾಗ ಗದರುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಗದರುವವರಿಲ್ಲದೆ ಎಣಿಕೆ ಐದಕ್ಕೆ ಏರಿದೆ.

ಅವನ ಅಂಗಡಿ ನಾಲ್ಕು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿತ್ತು. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಕೀಲಿ ಕೊರೆಯುವ ಯಂತ್ರ, ಗೋಡೆ ತುಂಬ ಹಲ್ಲಿಲ್ಲದ ಖಾಲಿ ಕೀಲಿಗಳು, ಹಿತ್ತಾಳೆಯ ಪುಡಿ ಅಂಟಿದ ಸ್ಟೂಲು. ಮೂವತ್ತೈದು ವರ್ಷ ಅಲ್ಲೇ ಕೂತು ಅವನ ಬೆನ್ನು ಮೆಟ್ಟಿಲಿನ ಇಳಿಜಾರಿಗೆ ತಕ್ಕಂತೆ ಬಾಗಿತ್ತು. ಮಗ ಲಾರಿ ಓಡಿಸುತ್ತಾನೆ, ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮನೆಯಲ್ಲಿ ಮಾವ ಮತ್ತು ಸೊಸೆ, ಇಬ್ಬರೇ.

ಕೆಲವು ವರ್ಷಗಳ ಕೆಳಗೆ ಕೀಲಿಯೇ ಬೇಡದ ಬೀಗಗಳು ಬಂದವು. ಬಾಗಿಲ ಮೇಲೆ ಅಂಗೈಯಷ್ಟು ಅಗಲದ ಗುಂಡಿಗಳ ಪಟ್ಟಿ, ನಾಲ್ಕು ಅಂಕಿ ಒತ್ತಿದರೆ ಟಕ್ ಎಂದು ತೆರೆಯುತ್ತದೆ. ಬೀಗದಣ್ಣ ಅದಕ್ಕೂ ಹೆದರಿದ, ಆದರೆ ಹೊಟ್ಟೆಪಾಡು, ಕಲಿತ. ಈ ಬೀಗಕ್ಕೆ ಎರಡು ನಂಬರು. ಒಂದು ಮನೆಯವರದು, ಅವರಿಗೆ ಬೇಕಾದಾಗ ಬದಲಿಸಿಕೊಳ್ಳಬಹುದು. ಇನ್ನೊಂದು ಫಿಟ್ಟರ್ ನಂಬರು, ಬೀಗ ಕೂರಿಸುವವನು ಇಡುವುದು. ಮನೆಯವರು ತಮ್ಮ ನಂಬರು ಮರೆತರೆ ಇದರಿಂದ ತೆರೆಯಬಹುದು. ಪ್ರತಿ ಮನೆಗೂ ಬೇರೆ ಬೇರೆ ಫಿಟ್ಟರ್ ನಂಬರು ಇಟ್ಟು, ಲಕೋಟೆಯಲ್ಲಿ ಅಂಟಿಸಿ ಮನೆಯವರ ಕೈಗೆ ಕೊಡಬೇಕು ಎಂದು ಡಬ್ಬಿಯೊಳಗಿನ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಮೊದಮೊದಲು ಅವನೂ ಹಾಗೆಯೇ ಮಾಡಿದ. ಮೂರನೇ ತಿಂಗಳಿಗೇ ಒಬ್ಬ ಮುದುಕರು ನಂಬರನ್ನೂ ಮರೆತು, ಲಕೋಟೆಯನ್ನೂ ಮನೆಯೊಳಗೇ ಇಟ್ಟು, ಒಲೆಯ ಮೇಲೆ ಹಾಲು ಬಿಟ್ಟು ಹೊರಗೆ ನಿಂತರು. ಒಳ್ಳೆಯ ತೇಗದ ಬಾಗಿಲು ಒಡೆಯಬೇಕಾಯಿತು. ಮುದುಕರು ಅತ್ತರು, ಬೀಗದಣ್ಣನಿಗೆ ಮೂರು ದಿನ ಅನ್ನ ಸೇರಲಿಲ್ಲ.

ಅಂದಿನಿಂದ ಅವನು ಎಲ್ಲ ಮನೆಗೂ ಒಂದೇ ಫಿಟ್ಟರ್ ನಂಬರು ಇಡತೊಡಗಿದ. ಏಳು ಮೂರು ಐದು ಒಂದು. ಬಿಸ್ಕತ್ತು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದ ಹೆಂಡತಿಯ ಟೋಕನ್ ನಂಬರು ಅದು. ಏನೇ ಮರೆತರೂ ಅದೊಂದನ್ನು ಅವನು ಮರೆಯುವ ಹಾಗಿರಲಿಲ್ಲ. ಯಾರಿಗೂ ಹೇಳಲಿಲ್ಲ, ಮಗನಿಗೂ ಇಲ್ಲ, ಸೊಸೆಗೂ ಇಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪಿಗೆ ಒಂದು ಕಾರಣವಾದರೂ ಇರುತ್ತಿತ್ತು. ಆದರೆ ಮನುಷ್ಯನಿಗೆ ಹೊಗಳಿಕೆಯ ರುಚಿ ಹತ್ತಿದರೆ ಬಿಡಿಸುವುದು ಕಷ್ಟ. ಯಾರಾದರೂ ನಂಬರು ಮರೆತು ಕರೆದರೆ, ಬೀಗದಣ್ಣ ಎಲ್ಲರನ್ನೂ ಆಚೆ ತಿರುಗಿ ನಿಲ್ಲಲು ಹೇಳುತ್ತಿದ್ದ. ಬಾಗಿಲಿಗೆ ಕಿವಿ ಹಚ್ಚುತ್ತಿದ್ದ, ಉಸಿರು ಬಿಗಿಹಿಡಿಯುತ್ತಿದ್ದ, ಸುಮ್ಮನೆ ಎರಡು ನಿಮಿಷ ಕಳೆಯುತ್ತಿದ್ದ. ಆಮೇಲೆ ಟಕ್! "ಎಂಥಾ ಕೈಗುಣ ಅಣ್ಣಾ ನಿಮ್ದು" ಎಂದು ಜನ ಬಾಯಿ ಬಿಡುತ್ತಿದ್ದರು. ಅವನು ಏನೂ ಆಗಿಲ್ಲವೆಂಬಂತೆ ಕೈ ಒರೆಸಿಕೊಳ್ಳುತ್ತಿದ್ದ. ಹೀಗೆ ನಲವತ್ಮೂರು ಬಾಗಿಲುಗಳಾದವು.

ನಲವತ್ಮೂರನೆಯದು ಟೈಲರಮ್ಮನದು. ಮೂರನೇ ಮಹಡಿಯ ಒಂದೇ ಕೋಣೆಯ ಮನೆ, ಆಕೆ ಮತ್ತು ಆರು ವರ್ಷದ ಮಗಳು. ಗಂಡನ ಹೊಡೆತ ತಾಳಲಾರದೆ ಮಗುವನ್ನೆತ್ತಿಕೊಂಡು ಬೇರೆ ಊರಿನಿಂದ ಬಂದವಳು ಎಂದು ಕೆಳಗಿನ ಅಂಗಡಿಯವರು ಹೇಳಿದ್ದರು. ಅವನು ಎಲ್ಲೆಲ್ಲೋ ಹುಡುಕುತ್ತಿದ್ದಾನಂತೆ. ಬೀಗ ಕೂರಿಸುವಷ್ಟು ಹೊತ್ತೂ ಆಕೆ ಪಕ್ಕದಲ್ಲೇ ನಿಂತಿದ್ದಳು, ಕೈಯಲ್ಲಿ ಅಳತೆ ಟೇಪನ್ನು ಸುತ್ತುತ್ತ ಬಿಚ್ಚುತ್ತ.

"ಅಣ್ಣಾ, ಇದನ್ನ ನನ್ನ ಬಿಟ್ಟು ಬೇರೆ ಯಾರಾದ್ರೂ ತೆಗೀಬಹುದಾ?"

"ಇಲ್ಲಮ್ಮ."

"ಖಂಡಿತಾನಾ? ನಿಜ ಹೇಳಿ. ನಾನು ಹಗಲೆಲ್ಲ ಮಿಷನ್ ತುಳೀತಾ ಬಾಗಿಲಿಗೆ ಬೆನ್ನು ಹಾಕಿ ಕೂತಿರ್ತೀನಿ."

"ನಿನ್ನ ಬಿಟ್ರೆ ದೇವರ ಕೈಲೂ ಆಗಲ್ಲ ತಾಯಿ" ಎಂದುಬಿಟ್ಟ ಬೀಗದಣ್ಣ. ಹೇಳುವಾಗ ಅದು ಸುಳ್ಳು ಎಂದು ಅವನಿಗೆ ಅನ್ನಿಸಲೇ ಇಲ್ಲ. ತಾನು ತೆಗೆಯಬಲ್ಲೆ ಎನ್ನುವುದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳ ಸಮಾಧಾನಕ್ಕೆ ಒಳಗಡೆ ಒಂದು ಸರಪಳಿಯನ್ನೂ ಹಾಕಿಕೊಟ್ಟ.

ಅದಾದ ತಿಂಗಳಿಗೆ ಬೀಗದಣ್ಣನ ಬಲಗಣ್ಣಿನ ಪೊರೆ ತೆಗೆಸಿದರು. ಎಡಗಣ್ಣು ಹೇಗೂ ಮಂಜು. ಹತ್ತು ದಿನ ಧೂಳಿಗೆ ಹೋಗಬಾರದು, ಏನೂ ಓದಬಾರದು, ಬಗ್ಗಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅಂಗಡಿ ಸೊಸೆಯ ಕೈಗೆ ಬಂತು.

ಸೊಸೆ ಚುರುಕು. ಕೀಲಿ ಕೊರೆಯುವುದನ್ನು ಅವಳು ಮದುವೆಯಾದ ವರ್ಷವೇ ನೋಡಿ ನೋಡಿ ಕಲಿತಿದ್ದಳು. ಮುಖ್ಯರಸ್ತೆಯಲ್ಲಿ ಹೊಸದೊಂದು ಬೀಗದ ಅಂಗಡಿ ಬಂದು, ಜನ ಫೋನಿನಲ್ಲೇ ಅದನ್ನು ಹುಡುಕಿಕೊಂಡು ಹೋಗುತ್ತಿದ್ದುದು ಅವಳ ಕಣ್ಣು ಕುಕ್ಕುತ್ತಿತ್ತು. ನಮ್ಮ ಅಂಗಡಿಗೂ ಒಂದು ಪೇಜ್ ಮಾಡಬೇಕು ಎಂದು ವರ್ಷದಿಂದ ಹೇಳುತ್ತಿದ್ದಳು. "ನಿಂಗೆ ಹೇಗೆ ಬೇಕೋ ಹಾಗೆ ಮಾಡಮ್ಮ, ನನ್ನ ತಲೆ ತಿನ್ಬೇಡ" ಎಂದು ಮಾವ ಅಂದದ್ದೇ ತಡ, ಕೂತು ಮಾಡಿಯೇಬಿಟ್ಟಳು.

ಪೇಜ್ ಮಾಡುವುದು ಸುಲಭ, ಅದರ ವಿಳಾಸ ಆರಿಸುವುದು ಕಷ್ಟ. ಜನ ಫೋನಿನಲ್ಲಿ ಒತ್ತಿ ನೇರವಾಗಿ ಅಂಗಡಿಯ ಪೇಜಿಗೆ ಬರುವಂಥ ವಿಳಾಸ ಅದು. ಚಿಕ್ಕದಾಗಿರಬೇಕು, ಬಾಯಲ್ಲಿ ಹೇಳಿದರೆ ತಿಳಿಯಬೇಕು, ಒಂದು ಸಲ ಕೇಳಿದರೆ ಮನಸ್ಸಿನಲ್ಲಿ ಕೂರಬೇಕು. ಸೊಸೆ ಇದಕ್ಕೊಂದು ಪರೀಕ್ಷೆ ಕಂಡುಹಿಡಿದಳು. ಬೆಳಿಗ್ಗೆ ಐದು ಜನರಿಗೆ ಒಂದು ವಿಳಾಸ ಹೇಳುವುದು, ಸಂಜೆ ಹೋಗಿ ಕೇಳುವುದು. ಅಂಗಡಿಯ ಪೂರ್ತಿ ಹೆಸರು, ಬೀದಿಯ ಹೆಸರು ಸೇರಿಸಿ ಹೇಳಿದ ದಿನ ಐದರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಹಾಲಿನ ಅಂಗಡಿಯ ಹೆಂಗಸಂತೂ "ಅಷ್ಟು ಉದ್ದ ನೆನಪಿಟ್ಕೊಳ್ಳೋದಾದ್ರೆ ನಾನು ವಕೀಲಿ ಓದ್ತಿದ್ದೆ ಕಣಮ್ಮ" ಎಂದಳು. ಬರೀ 'ಬೀಗದಣ್ಣ' ಎಂದು ಇಡೋಣವೆಂದರೆ ಅದನ್ನು ಎಲ್ಲಿಯೋ ಯಾರೋ ಆಗಲೇ ಹಿಡಿದುಕೊಂಡು ಕೂತಿದ್ದರು. ಹೆಸರಿನ ಮುಂದೆ ಒಂದಿಷ್ಟು ಅಂಕಿ ಸೇರಿಸಿ ನೋಡಿ ಎಂದು ಫೋನೇ ಹೇಳಿತು.

ಯಾವ ಅಂಕಿ? ಅವಳು ತಲೆ ಎತ್ತಿದಾಗ ಗೋಡೆಯ ಮೊಳೆಗೆ ನೇತುಹಾಕಿದ್ದ ಹಿತ್ತಾಳೆಯ ಟೋಕನ್ ಕಣ್ಣಿಗೆ ಬಿತ್ತು. ಮಾವ ಎಷ್ಟೋ ಸಲ ಊಟಕ್ಕೆ ಕೂತಾಗ ತಮಗೆ ತಾವೇ ಆ ನಂಬರನ್ನು ಗೊಣಗಿಕೊಳ್ಳುವುದನ್ನು ಅವಳು ಕೇಳಿದ್ದಳು. ಅತ್ತೆಯ ನೆನಪು ಎಷ್ಟು ಕಾಡುತ್ತಿದೆ ಪಾಪ ಎಂದುಕೊಂಡು ಅವಳ ಕರುಳು ಚುರ್ ಎನ್ನುತ್ತಿತ್ತು. ಬೀಗದಣ್ಣ, ಅದರ ಬೆನ್ನಿಗೇ ಎಪ್ಪತ್ತಮೂರು ಐವತ್ತೊಂದು. ಸಂಜೆ ಕೇಳಿದರೆ ಐದಕ್ಕೆ ಐದೂ ಜನ ತಪ್ಪಿಲ್ಲದೆ ಹೇಳಿದರು. ಹಾಲಿನವಳು ಅದಕ್ಕೊಂದು ರಾಗವನ್ನೂ ಕಟ್ಟಿದ್ದಳು.

"ಮಾವ, ಅತ್ತೆ ನೆನಪಾಗೋ ಹಾಗೆ ಒಂದು ಹೆಸರು ಇಟ್ಟಿದ್ದೀನಿ. ಈಗ ಹೇಳಲ್ಲ. ಕಣ್ಣು ಸರಿಹೋದ್ಮೇಲೆ ನೀವೇ ಓದ್ಬೇಕು" ಎಂದಳು ಕಣ್ಣಿಗೆ ಔಷಧಿ ಬಿಡುತ್ತ. ಬೀಗದಣ್ಣ ಈ ಕಾಲದಲ್ಲಿ ಇಂಥ ಸೊಸೆ ಯಾರಿಗುಂಟು ಎಂದು ಹಿಗ್ಗಿದ.

ಅವಳು ಅಲ್ಲಿಗೇ ಬಿಡಲಿಲ್ಲ. ಬೀಗ ಕೂರಿಸಿದ ಪ್ರತಿ ಬಾಗಿಲಿಗೂ, ಗುಂಡಿಗಳ ಪಟ್ಟಿಯ ಮೇಲ್ಗಡೆ, ತನ್ನ ಫೋನ್ ನಂಬರಿನ ಚಿಕ್ಕ ಸ್ಟಿಕ್ಕರ್ ಅಂಟಿಸುವುದು ಬೀಗದಣ್ಣನ ಪದ್ಧತಿ. ಅವೆಲ್ಲ ಮಾಸಿಹೋಗಿದ್ದವು. ಸೊಸೆ ಹೊಸ ಸ್ಟಿಕ್ಕರ್ ಅಚ್ಚು ಹಾಕಿಸಿದಳು, ಪೇಜಿನ ವಿಳಾಸದ್ದು. ಮುದುಕರಿಗೂ ಕಾಣಲಿ ಎಂದು ಅಂಕಿಗಳನ್ನು ದಪ್ಪ ಕಪ್ಪಿನಲ್ಲಿ ಹಾಕಿಸಿದಳು. ಮಾವನ ಪುಸ್ತಕ ನೋಡಿ, ಮಧ್ಯಾಹ್ನದ ಬಿಸಿಲಿನಲ್ಲಿ ನಲವತ್ಮೂರು ಮನೆ ಹುಡುಕಿಕೊಂಡು ಹೋಗಿ, ಹಳೆಯದನ್ನು ಕೆರೆದು ಹೊಸದನ್ನು ಅಂಟಿಸಿ ಬಂದಳು.

ಹನ್ನೊಂದನೇ ದಿನ ಡಾಕ್ಟರು ಕಪ್ಪು ಕನ್ನಡಕ ತೆಗೆಸಿ, ಇನ್ನು ಎಲ್ಲ ಓದಬಹುದು ಎಂದರು. ಬರುವ ದಾರಿಯಲ್ಲಿ ಸೊಸೆ ಮಾವನ ಕೈ ಹಿಡಿದು ನಿವೃತ್ತ ಹೆಡ್ ಮಿಸ್ಸಿನ ಮನೆ ಮುಂದೆ ನಿಲ್ಲಿಸಿದಳು.

"ಈಗ ಓದಿ ಮಾವ."

ಬೀಗದಣ್ಣ ಓದಿದ. ಹೊಸ ಕಣ್ಣಿಗೆ ಪ್ರತಿ ಅಂಕಿಯೂ ಸ್ಫುಟವಾಗಿ, ಕಡೆದಿಟ್ಟಂತೆ ಕಂಡಿತು. ಏಳು, ಮೂರು, ಐದು, ಒಂದು. ಅದರ ಕೆಳಗೆ ಎರಡು ಬೆರಳು ಅಂತರದಲ್ಲಿ ಗುಂಡಿಗಳ ಪಟ್ಟಿ. ಯಾವನಾದರೂ ಹೊತ್ತು ಹೋಗದವನು, ಬಾಗಿಲು ತೆಗೆಯಲೆಂದು ಕಾಯುತ್ತ ನಿಂತವನು, ಮೇಲೆ ಓದಿ ಕೆಳಗೆ ಒತ್ತಿದರೆ ಮುಗಿಯಿತು. ಅವನ ಎದೆ ಧಸಕ್ಕೆಂದಿತು.

"ಚೆನ್ನಾಗಿದ್ಯಾ?" ಎಂದಳು ಸೊಸೆ, ಮುಖವೆಲ್ಲ ಅರಳಿಸಿಕೊಂಡು.

ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಅವಳು ಬೇರೆಯೇ ತಿಳಿದುಕೊಂಡಳು. "ಅಯ್ಯೋ ಅಳ್ಬೇಡಿ, ಈಗಿನ್ನೂ ಆಪರೇಷನ್ ಆಗಿದೆ" ಎಂದು ತನ್ನ ಸೆರಗಿನಲ್ಲೇ ಒರೆಸಿದಳು. ಅಷ್ಟರಲ್ಲಿ ಹೆಡ್ ಮಿಸ್ ಬಾಗಿಲು ತೆಗೆದು, "ಏನು ಒಳ್ಳೆ ವಿಳಾಸ ಕಣಮ್ಮ! ನನ್ನ ಮೊಮ್ಮಗಳು ಮೆಟ್ಟಿಲು ಹತ್ತುವಾಗೆಲ್ಲ ಅದನ್ನೇ ಹಾಡ್ಕೊಂಡು ಬರ್ತಾಳೆ" ಎಂದರು.

ದಾರಿಯುದ್ದಕ್ಕೂ ಬೀಗದಣ್ಣನ ತಲೆಗೆ ಹುಳ ಬಿಟ್ಟಂತಾಗಿತ್ತು. ಮೆಲ್ಲಗೆ ಕೇಳಿ ನೋಡಿದ, "ಈ ಹೆಸರು ಬದಲಾಯಿಸೋಕೆ ಆಗುತ್ತೇನಮ್ಮ?"

"ಈಗಲೇ ಆಗಲ್ಲ ಮಾವ, ಇಷ್ಟು ದಿನ ಅಂತ ಕಾಯ್ಬೇಕು. ಬದಲಾಯಿಸೋದಾದ್ರೂ ಯಾಕೆ? ಆರುನೂರು ಜನ ನೋಡಿದ್ದಾರೆ, ಎಲ್ಲರ ಬಾಯಲ್ಲೂ ಅದೇ."

ಅದೇ ಅವನಿಗೆ ಭಯ. ಆರುನೂರು ಬಾಯಿ! ಪೇಜನ್ನು ಅಳಿಸಿದರೂ ಬಾಯಿಂದ ಅಳಿಸುವುದು ಹೇಗೆ? ಇರುವುದು ಒಂದೇ ದಾರಿ, ನಲವತ್ಮೂರು ಬೀಗಗಳ ಫಿಟ್ಟರ್ ನಂಬರನ್ನೂ ಬದಲಿಸುವುದು. ಅದಕ್ಕೆ ಬಾಗಿಲು ತೆರೆದಿರಬೇಕು, ಒಳಬದಿಯ ಮುಚ್ಚಳ ಬಿಚ್ಚಬೇಕು, ಪಿನ್ನಿನಿಂದ ಸಣ್ಣ ಗುಂಡಿ ಒತ್ತಬೇಕು. ಎರಡೇ ನಿಮಿಷದ ಕೆಲಸ. ಆದರೆ ಯಾಕೆ ಎಂದು ಮನೆಯವರು ಕೇಳಿದರೆ? ನಿಮ್ಮೆಲ್ಲರ ಮನೆಗೂ ಒಂದೇ ನಂಬರು ಇಟ್ಟಿದ್ದೆ, ಕೈಗುಣವೂ ಇಲ್ಲ, ಕಿವಿಗುಣವೂ ಇಲ್ಲ, ಅದೆಲ್ಲ ನಾಟಕ ಎಂದು ಹೇಳುವುದೇ? ಹೇಳಿದರೆ ಅಂಗಡಿ ಮುಚ್ಚಬೇಕು, ತಲೆ ಎತ್ತಿ ಬೀದಿಯಲ್ಲಿ ನಡೆಯುವಂತಿಲ್ಲ. ಇನ್ನು ಸೊಸೆಗೆ ಹೇಳುವುದಂತೂ ದೂರದ ಮಾತು. ಅಕ್ಕರೆಯಿಂದ ಮಾಡಿದ ಕೆಲಸಕ್ಕೆ ಹೀಗಾಯಿತು ಎಂದು ತಿಳಿದರೆ ಅವಳು ಕುಸಿದುಹೋಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಅದರಲ್ಲಿ ಅರ್ಧ ನಿಜ, ಇನ್ನರ್ಧ ಅವನ ಪುಕ್ಕಲುತನ.

ಮರುದಿನ ಬೆಳಿಗ್ಗೆಯೇ ಚೀಲ ಹೆಗಲಿಗೇರಿಸಿಕೊಂಡು ಹೊರಟ. ಮೊದಲು ಯಾರ ಮನೆಗೆ ಹೋಗಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಟೈಲರಮ್ಮನ ಕಟ್ಟಡದ ಬಾಗಿಲ ತನಕ ಹೋದ ಕೂಡ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ಆಕೆಯ ಪ್ರಶ್ನೆ ನೆನಪಾಯಿತು. ಉಳಿದವರಿಗೆ 'ಸರ್ವೀಸ್' ಎಂದರೆ ಸಾಕು, ಕಾಫಿ ಕೊಟ್ಟು ಕಳಿಸುತ್ತಾರೆ. ಆಕೆ ಹಾಗಲ್ಲ. ಪಕ್ಕದಲ್ಲೇ ನಿಂತು ಅವನ ಬೆರಳುಗಳನ್ನೇ ನೋಡುತ್ತಾಳೆ, ಒಂದೊಂದನ್ನೂ ಕೇಳುತ್ತಾಳೆ, ಕ್ಷಣದಲ್ಲಿ ಅರ್ಥ ಮಾಡಿಕೊಳ್ಳುತ್ತಾಳೆ. ಆಕೆಗೆ ಸರಪಳಿ ಬೇರೆ ಇದೆಯಲ್ಲ, ಮಿಕ್ಕವರದು ಮುಗಿಸಿ ಕೊನೆಗೆ ಬಂದರಾಯಿತು ಎಂದು ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಆ ಒಂದು ಮೆಟ್ಟಿಲನ್ನು ಅವನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ಹತ್ತಿದನೋ ಲೆಕ್ಕವಿಲ್ಲ.

ಮೊದಲ ದಿನ ಹದಿನಾಲ್ಕು ಮನೆಯಾಯಿತು. ಪ್ರತಿ ಬಾಗಿಲ ಮುಂದೆಯೂ ಒಂದೇ ಪಾಡು. ಗಂಟೆ ಒತ್ತಿ, ಯಾರಾದರೂ ನಗುನಗುತ್ತ ತೆಗೆಯುವ ತನಕ ಜೀವ ಬಾಯಿಗೆ ಬರುತ್ತಿತ್ತು. ಒಳಗೆ ಬೀರು ಒಡೆದಿರಬಹುದೆ, ಯಾರಾದರೂ ನೆಲದ ಮೇಲೆ ಬಿದ್ದಿರಬಹುದೆ ಎಂದು ಕಲ್ಪನೆ ಓಡುತ್ತಿತ್ತು. ಅವರು ನಕ್ಕಮೇಲೆ, ಆ ನಗುವಿಗೆ ಮತ್ತಷ್ಟು ಕುಗ್ಗುತ್ತಿದ್ದ. ಹೊಸ ನಂಬರು ಇಟ್ಟು, ಚೀಟಿಯಲ್ಲಿ ಬರೆದು ಅವರ ಕೈಗೇ ಕೊಟ್ಟು, ಹೊರಗೆ ಬಂದು ಸ್ಟಿಕ್ಕರನ್ನು ಉಗುರಿನಿಂದ ಕೆರೆದು ಹಾಕುತ್ತಿದ್ದ.

ಎರಡನೇ ದಿನ ನಾಲ್ಕನೇ ಮಹಡಿಯ ಒಂದು ಮನೆಯಲ್ಲಿ ಯಾರೂ ಇರಲಿಲ್ಲ. ಮೂರು ಸಲ ಗಂಟೆ ಒತ್ತಿದ. ಪಕ್ಕದ ಮನೆಯೊಳಗಿನಿಂದ ಯಾರೋ ಆ ನಂಬರನ್ನು ರಾಗವಾಗಿ ಹೇಳುವುದು ಕೇಳಿಸಿತು. ಅವನಿಗೆ ತಡೆಯಲಾಗಲಿಲ್ಲ. ಅತ್ತಿತ್ತ ನೋಡಿ, ನಾಲ್ಕು ಅಂಕಿ ಒತ್ತಿ ಒಳಗೆ ಹೋದ. ಪರರ ಖಾಲಿ ಮನೆ. ಮೇಜಿನ ಮೇಲೆ ಅರ್ಧ ಕುಡಿದ ಲೋಟ, ಕುರ್ಚಿಯ ಬೆನ್ನಿಗೆ ಒಣಗಲು ಹಾಕಿದ ಒಳಲಂಗ, ತೆರೆದ ಕಪಾಟು. ಎಲ್ಲ ಎಷ್ಟು ಸಲೀಸಾಗಿ ಕೈಗೆ ಸಿಗುವಂತಿತ್ತು! ಮುಚ್ಚಳ ಬಿಚ್ಚುವಾಗ ಸ್ಕ್ರೂ ಕೈಜಾರಿ ಕುರ್ಚಿಯ ಕೆಳಗೆ ಉರುಳಿತು. ಮಂಡಿಯೂರಿ ತಡಕಾಡುತ್ತಿದ್ದಾಗ ಲಿಫ್ಟ್ ಬಂದು ನಿಂತ ಸದ್ದಾಯಿತು. ಅವನು ಉಸಿರು ನಿಲ್ಲಿಸಿ ಕುರ್ಚಿಯ ಹಿಂದೆ ಮುದುಡಿದ. ಹೆಜ್ಜೆಗಳು ಬೇರೆ ಕಡೆಗೆ ಹೋದವು. ಹೇಗೋ ಕೆಲಸ ಮುಗಿಸಿ ಮೆಟ್ಟಿಲಿಳಿಯುವಾಗ ಆ ಮನೆಯ ಯಜಮಾನರೇ ಎದುರಾದರು.

"ಏನ್ ಅಣ್ಣಾ, ಈ ಕಡೆ? ಮೈಯೆಲ್ಲ ಬೆವರಿದೆಯಲ್ಲ!"

"ಮೇಲೊಬ್ರು ಕರೆದಿದ್ರು ಸಾರ್. ಲಿಫ್ಟ್ ಅಂದ್ರೆ ನಂಗೆ ಭಯ ಅಲ್ವಾ" ಎಂದ. ಅವರು ನಕ್ಕು ಬೆನ್ನು ತಟ್ಟಿ ಹೋದರು. ಅವರ ಮನೆಯ ಹೊಸ ನಂಬರಿನ ಚೀಟಿ ಅವನ ಜೇಬಿನಲ್ಲೇ ಉಳಿಯಿತು. ಬೀದಿಗೆ ಬಂದು ಗೋಡೆ ಹಿಡಿದು ನಿಂತ. ಬಾಗಿಲು ಕಾಯುವ ವೃತ್ತಿಯಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ಕಳ್ಳನ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂದು ಅವತ್ತು ತಿಳಿಯಿತು.

ಮನೆಯಲ್ಲಿ ಸೊಸೆ ಮುಖ ದಪ್ಪ ಮಾಡಿಕೊಂಡು ಕೂತಿದ್ದಳು. ಸ್ಟಿಕ್ಕರ್ ಕೀಳುತ್ತಿರುವ ಸುದ್ದಿ ಅವಳಿಗೆ ಮುಟ್ಟಿತ್ತು. "ಇಷ್ಟ ಆಗ್ಲಿಲ್ಲ ಅಂದ್ರೆ ನಂಗೇ ಹೇಳ್ಬಹುದಿತ್ತು ಮಾವ. ಊರೆಲ್ಲ ಸುತ್ತಿ ಕೆರೆದು ಹಾಕೋ ಅಂಥದ್ದು ಏನು ಮಾಡಿದ್ದೆ ನಾನು?" ಎಂದಳು. ಅವನು ಅಂಟು ಸರಿಯಿಲ್ಲ, ಬಣ್ಣ ಹಾಳಾಗುತ್ತೆ ಎಂದು ಏನೇನೋ ತೊದಲಿದ. ಅವಳು ತಟ್ಟೆ ಇಟ್ಟು ಒಳಗೆ ಹೋದಳು.

ಮೂರನೇ ದಿನ ಉಳಿದ ಹನ್ನೆರಡು ಮುಗಿಸಿ, ಸಂಜೆ ನಾಲ್ಕಕ್ಕೆ ಟೈಲರಮ್ಮನ ಮೂರನೇ ಮಹಡಿ ಹತ್ತಿದ. ಮೆಟ್ಟಿಲ ಮೇಲಿರುವಾಗ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಅವನು ಬಾಗಿಲ ಹತ್ತಿರ ಬರುತ್ತಿದ್ದಂತೆ ಅದು ಗಕ್ಕನೆ ನಿಂತಿತು. ಗಂಟೆ ಒತ್ತಿದ. ಒಳಗೆ ಯಾರೂ ಇಲ್ಲವೇನೋ ಎಂಬಷ್ಟು ನಿಶ್ಶಬ್ದ.

"ನಾನಮ್ಮ, ಬೀಗದಣ್ಣ."

ಬಹಳ ಹೊತ್ತಿನ ಮೇಲೆ ಬಾಗಿಲಿಗೆ ತೀರಾ ಹತ್ತಿರದಿಂದ ದನಿ ಬಂತು. "ಒಬ್ರೇ ಇದ್ದೀರಾ?"

"ಒಬ್ನೇ ಇದ್ದೀನಮ್ಮ."

ಬಾಗಿಲು ತೆರೆಯಲಿಲ್ಲ. ಆಕೆ ಆ ಬದಿಯಿಂದಲೇ ಹೇಳಿದಳು, ಪಿಸುದನಿಯಲ್ಲಿ, ಒಳಗಿರುವ ಮಗುವಿಗೆ ಕೇಳಿಸದಂತೆ. "ನಿನ್ನೆ ಮಧ್ಯಾಹ್ನ ಯಾರೋ ಬಂದಿದ್ರು ಅಣ್ಣಾ. ಗಂಟೆ ಒತ್ಲಿಲ್ಲ. ನಾಲ್ಕು ಸಲ ಗುಂಡಿ ಸದ್ದಾಯ್ತು, ಅಷ್ಟೇ, ಟಕ್ ಅಂತ ಬಾಗಿಲು ತೆರೀತು. ಒಂದು ಬೆರಳಷ್ಟು. ಸರಪಳಿ ಹಿಡ್ಕೊಳ್ತು. ನಾನು ಮಗು ಬಾಯಿ ಮುಚ್ಚಿ ಮಂಚದ ಕೆಳಗೆ ಎಳ್ಕೊಂಡೆ. ಸ್ವಲ್ಪ ಹೊತ್ತು ನಿಂತಿದ್ದು, ಹೋದ್ರು. ಮಂಚದ ಕೆಳಗೆ ಹೆಜ್ಜೆ ಸದ್ದು ಸರಿಯಾಗಿ ಕೇಳಿಸ್ಲಿಲ್ಲ."

ಬಂದವರು ಯಾರೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಸ್ಟಿಕ್ಕರ್ ಓದಿ ಸುಮ್ಮನೆ ಒತ್ತಿ ನೋಡಿದ ಯಾವನೋ ದಾರಿಹೋಕನಿರಬಹುದು, ಕಟ್ಟಡದ ಮಕ್ಕಳಿರಬಹುದು, ಆಕೆ ಹೆದರುತ್ತಿದ್ದವನೇ ಇರಬಹುದು.

"ಆವಾಗಿಂದ ಮೂರು ಸಲ ನಂಬರ್ ಬದಲಾಯ್ಸಿದ್ದೀನಿ" ಎಂದಳು ಆಕೆ. "ನನ್ನ ಮಗಳಿಗೂ ಹೇಳಿರ್ಲಿಲ್ಲ. ಅವರಿಗೆ ಹೇಗೆ ಗೊತ್ತಾಯ್ತು ಅಣ್ಣಾ? ನಂಗೆ ಹುಚ್ಚು ಹಿಡಿದ ಹಾಗಾಗಿದೆ. ನಾನೇ ನಿದ್ದೇಲಿ ಏನಾದ್ರೂ ಹೇಳ್ತೀನಾ?"

ಮೂರು ಸಲ. ಬದಲಿಸಿದ್ದೆಲ್ಲ ವ್ಯರ್ಥ, ಆ ಬಾಗಿಲು ಈಗಲೂ ಬೀದಿಗೆ ತೆರೆದೇ ಇದೆ, ಅದು ಈ ಜಗತ್ತಿನಲ್ಲಿ ಅವನೊಬ್ಬನಿಗೆ ಗೊತ್ತು. ಸುಳ್ಳು ಹೇಳಿ ಒಳಗೆ ಹೋಗಿ ಎರಡು ನಿಮಿಷದಲ್ಲಿ ಮುಗಿಸಿ ಬರಬಹುದಿತ್ತು. ಬಾಯಿಯವರೆಗೂ ಬಂದಿತ್ತು ಆ ಸುಳ್ಳು, 'ಬ್ಯಾಟರಿ ಕೆಟ್ಟಿರ್ಬೇಕಮ್ಮ'. ಹಾಗೆ ಹೇಳಿದರೆ ಆಕೆ ತನಗೇ ಬುದ್ಧಿಭ್ರಮಣೆಯೆಂದು ನಂಬಿಕೊಂಡು ಬದುಕುತ್ತಾಳೆ. ಬೀಗದಣ್ಣ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿ, ಒಂದೊಂದೇ ಮಾತು ಕಿತ್ತು ಹೊರಗೆ ಹಾಕಿದ. ಫಿಟ್ಟರ್ ನಂಬರು, ಒಂದೇ ನಂಬರು, ಪೇಜಿನ ವಿಳಾಸ, ಸ್ಟಿಕ್ಕರು. ಮೊನ್ನೆ ಬೆಳಿಗ್ಗೆ ತಾನು ಕೆಳಗಿನ ಮೆಟ್ಟಿಲ ತನಕ ಬಂದು ವಾಪಸು ಹೋದದ್ದನ್ನೂ ಬಿಡಲಿಲ್ಲ.

ಒಳಗೆ ಭಾರವಾದದ್ದೇನೋ ನೆಲ ಉಜ್ಜುತ್ತ ಬಂದು ಬಾಗಿಲಿಗೆ ಧಡ್ ಎಂದು ತಾಗಿತು. ಹೊಲಿಗೆ ಮಿಷನ್ನಿರಬೇಕು.

"ಅಮ್ಮಾ, ಈಗ ಅದನ್ನ ಬದಲಾಯ್ಸಲೇಬೇಕು. ಎರಡೇ ನಿಮಿಷ."

"ನೀವು ಬರ್ಬೇಡಿ."

"ಹಾಗಲ್ಲಮ್ಮ..."

"ನೀವು ಒಳಗೆ ಬರ್ಬೇಡಿ! ಬೇರೆ ಯಾರನ್ನಾದ್ರೂ ಕಳ್ಸಿ. ಹೆಂಗಸರನ್ನ ಕಳ್ಸಿ."

ಬೀಗದಣ್ಣ ಮೆಟ್ಟಿಲ ಮೇಲೆ ಕೂತು ಸೊಸೆಗೆ ಫೋನ್ ಮಾಡಿದ. ಎಲ್ಲವನ್ನೂ ಎರಡನೇ ಸಲ ಹೇಳಬೇಕಾಯಿತು. ಅವಳು ಕೊನೆಗೆ, "ಮೂರು ದಿನದಿಂದ ಗೊತ್ತಿತ್ತಾ ಮಾವ?" ಎಂದು ಮಾತ್ರ ಕೇಳಿ ಫೋನಿಟ್ಟಳು. ಹತ್ತೇ ನಿಮಿಷದಲ್ಲಿ ಏದುಸಿರು ಬಿಡುತ್ತ ಬಂದಳು, ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. "ನಾನೇ ಅಂಟಿಸ್ದೆ, ಈ ಕೈಯಿಂದಾನೇ ಅಂಟಿಸ್ದೆ" ಎನ್ನುತ್ತ ಮೊದಲು ಆ ಸ್ಟಿಕ್ಕರನ್ನು ಉಗುರು ಮುರಿಯುವಂತೆ ಕೆರೆದಳು.

"ನಿನ್ನ ತಪ್ಪು ಏನೂ ಇಲ್ಲಮ್ಮ" ಎಂದ ಅವನು.

"ಗೊತ್ತು" ಎಂದಳು ಅವಳು, ಅವನ ಮುಖ ನೋಡದೆ. "ಇವತ್ತೇ ಪೇಜಲ್ಲಿ ಎಲ್ಲಾ ಬರೀತೀನಿ. ನಲವತ್ಮೂರು ಮನೆಯವರಿಗೂ ಗೊತ್ತಾಗ್ಲಿ. ಅಂಗಡಿ ಇದ್ರೆ ಇರುತ್ತೆ, ಹೋದ್ರೆ ಹೋಗುತ್ತೆ."

ಅವನು ತಲೆಯಾಡಿಸಿದ. ಅಂಗಡಿಯ ಬಗ್ಗೆ ಹೆದರಲು ಅವನಲ್ಲಿ ಆ ಹೊತ್ತಿಗೆ ಭಯವೇ ಉಳಿದಿರಲಿಲ್ಲ.

ಬೀಗದಣ್ಣ ಒಂದು ಮಹಡಿ ಕೆಳಗೆ ಹೋದರೇ ತಾನು ಬಾಗಿಲು ತೆಗೆಯುವುದು ಎಂದಳು ಟೈಲರಮ್ಮ. ಬೀಗದಣ್ಣ ಕೆಳಗಿಳಿದು ನಿಂತ. ಮಿಷನ್ ಸರಿಸಿದ ಸದ್ದು, ಸರಪಳಿ ಬಿಚ್ಚಿದ ಸದ್ದು, ಸೊಸೆ ಒಳಗೆ ಹೋದ ಸದ್ದು. ಎಲ್ಲ ಕೇಳಿಸಿತು. ಅಲ್ಲಿಂದಲೇ ಫೋನಿನಲ್ಲಿ ಹೇಳಿಕೊಟ್ಟ: ಮೇಲಿನ ಸ್ಕ್ರೂ ಬಿಚ್ಚು, ಬ್ಯಾಟರಿ ಪಕ್ಕದ ತೂತಿಗೆ ಪಿನ್ ಹಾಕು, ಹಳೇದು ಒತ್ತು, ಈಗ ನೀನು ಆಚೆ ತಿರುಗಿಕೋ, ಹೊಸದನ್ನ ಅವರೇ ಒತ್ತಲಿ, ಎರಡು ಸಲ. ಮೇಲಿಂದ ಎಂಟು ಸಲ ಗುಂಡಿಯ ಸದ್ದು ಬಂತು. ಫಿಟ್ಟರ್ ನಂಬರು ಅವನಿಗೆ ಗೊತ್ತಿಲ್ಲದ ಮೊದಲ ಬೀಗ ಅದು.

ಆಮೇಲೆ ಟೈಲರಮ್ಮ ಹೊರಗೆ ಬಂದು ಮೆಟ್ಟಿಲ ಕಟಕಟೆ ಹಿಡಿದು ಕೆಳಗೆ ನೋಡಿದಳು. ಸೆರಗು ಹಿಡಿದುಕೊಂಡು ಹಿಂದೆ ಮಗು. ಬೈಯುತ್ತಾಳೆ ಎಂದುಕೊಂಡು ಅವನು ತಲೆ ತಗ್ಗಿಸಿದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆಯ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಬರೀ ದಣಿವು.

"ಅಣ್ಣಾ, ಅವನ ಹೆಜ್ಜೆ ಸದ್ದು ನಂಗೆ ಗೊತ್ತು. ಹತ್ತು ಜನರ ಮಧ್ಯದಲ್ಲೂ ಗೊತ್ತಾಗುತ್ತೆ. ಇಷ್ಟು ದಿನ ಅದೊಂದಕ್ಕೇ ಕಿವಿ ಕೊಟ್ಕೊಂಡು ಕೂತಿರ್ತಿದ್ದೆ. ಇನ್ಮೇಲೆ ನಿಮ್ಮ ಹೆಜ್ಜೆ ಸದ್ದನ್ನೂ ಕಲೀಬೇಕಾ?"

ಬೀಗದಣ್ಣ ಚೀಲ ಎತ್ತಿಕೊಂಡ. ಪ್ರತಿ ಮೆಟ್ಟಿಲ ಮೇಲೂ ಕಾಲನ್ನು ಗಟ್ಟಿಯಾಗಿ ಊರುತ್ತ, ತಾನು ಹೋಗುತ್ತಿದ್ದೇನೆ ಎಂದು ಕೊನೆಯ ಮೆಟ್ಟಿಲಿನ ತನಕ ಆಕೆಗೆ ಕೇಳಿಸುವಂತೆ ಇಳಿದುಹೋದ.